ಸರ್ಕಾರವನ್ನು ಕರೆಯಲು ಹೋದವಳು

ನಮ್ಮಪ್ಪ ಸರ್ಕಾರಕ್ಕೆ ಹೆದರುತ್ತಿದ್ದ. ಹೆದರುತ್ತಿದ್ದಷ್ಟೇ ಗಟ್ಟಿಯಾಗಿ ಅದನ್ನು ನಂಬಿಯೂ ಇದ್ದ. ಇವೆರಡೂ ಒಬ್ಬ ಮನುಷ್ಯನೊಳಗೆ ಹೇಗೆ ಒಟ್ಟಿಗಿರುತ್ತವೆ ಎಂದು ಚಿಕ್ಕಂದಿನಲ್ಲಿ ನನಗೆ ತಿಳಿಯುತ್ತಿರಲಿಲ್ಲ. ತಿಳಿಯುವ ಹೊತ್ತಿಗೆ ನನಗೆ ಇಪ್ಪತ್ತೆರಡು ವರ್ಷವಾಗಿತ್ತು.

ನಮ್ಮದು ಮರಳವಾಡಿ ಹೋಬಳಿಯ ಒಂದು ಸಣ್ಣ ಊರು. ಮೂರು ಎಕರೆಗೆ ತುಸು ಕಡಿಮೆ ಜಮೀನು. ಹೆಚ್ಚು ಭಾಗ ಹಿಪ್ಪುನೇರಳೆ, ಮಿಕ್ಕಿದ್ದರಲ್ಲಿ ರಾಗಿ. ಹೊಲದ ಮೂಲೆಯಲ್ಲಿ ಹೆಂಚು ಹೊದಿಸಿದ ಹುಳುಮನೆ. ರೇಷ್ಮೆಹುಳು ಸಾಕಿ, ಗೂಡು ಬಿಡಿಸಿ, ಮೂಟೆ ಕಟ್ಟಿ ರಾಮನಗರದ ಸರ್ಕಾರಿ ಮಾರುಕಟ್ಟೆಗೆ ಒಯ್ಯುವುದು ನಮ್ಮ ಬದುಕು. ಅಲ್ಲಿ ಬಿಟ್ಟು ಬೇರೆಲ್ಲೂ ಮಾರುವ ಹಾಗಿರಲಿಲ್ಲ. ಅದು ಕಾನೂನು. ಒಂದು ಸಲ ಪಕ್ಕದೂರಿನವನೊಬ್ಬ ಮನೆ ಬಾಗಿಲಲ್ಲೇ ಮಾರಿದ ಗೂಡಿನ ಮೂಟೆಗಳು ಬಸ್ಸಿನಲ್ಲಿ ದಾರಿಯ ತಪಾಸಣೆಗೆ ಸಿಕ್ಕಿಬಿದ್ದವು. ಅಪ್ಪ ಮತ್ತು ನಾನು ಅದೇ ಬಸ್ಸಿನಲ್ಲಿದ್ದೆವು. ನಮ್ಮ ಗೂಡಿಗೆ ಕಾಗದ ಪತ್ರ ಎಲ್ಲಾ ಸರಿಯಾಗಿತ್ತು. ಆದರೂ ಖಾಕಿ ಅಂಗಿಯವನು ಬಸ್ಸು ಹತ್ತಿದಾಗ ಅಪ್ಪ ನನ್ನ ಮಣಿಕಟ್ಟನ್ನು ಹಿಡಿದುಕೊಂಡ.

ಆದರೆ ಮಾರುಕಟ್ಟೆಯೊಳಗೆ ಕಾಲಿಟ್ಟರೆ ಅವನೇ ಬೇರೆ ಮನುಷ್ಯ. ನೂಲು ತೆಗೆಯುವ ರೀಲರುಗಳು ಗೂಡಿನೊಳಗೆ ಕೈಯಾಡಿಸಿ, ಒಂದೆರಡು ಹಿಸುಕಿ ನೋಡಿ, ಎಲ್ಲರೆದುರು ಬೆಲೆ ಕೂಗಬೇಕಿತ್ತು. ಆಮೇಲೆ ಸರ್ಕಾರದ ತಕ್ಕಡಿ. ಅಪ್ಪ ಆ ತಕ್ಕಡಿಯ ಮುಂದೆ ಎದೆಯೆತ್ತಿ ನಿಲ್ಲುತ್ತಿದ್ದ.

"ನಿಮ್ಮ ತಾತನ ಕಾಲ್ದಲ್ಲಿ ದಳ್ಳಾಳಿ ಮನೆ ಬಾಗ್ಲಿಗೇ ಬತ್ತಿದ್ದ ಕಣವ್ವ" ಎಂದು ಅವನು ಹೇಳುತ್ತಿದ್ದ. "ಟವಲ್ ಕೆಳಗೆ ಬೆರಳು ಹಿಡ್ಕಂಡು ಯಾಪಾರ. ತೂಕದ ಕಲ್ಲೂ ಅವುಂದೇ, ಲೆಕ್ಕಾನೂ ಅವುಂದೇ. ನಡುವೆ ಸರ್ಕಾರ ನಿಂತ್ಕಂಡ ಮೇಲೇನೆ ನಾವು ಮನುಸ್ರಾಗಿದ್ದು."

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿರಬೇಕು, ಅದೇ ಸರ್ಕಾರ ನಮ್ಮ ಮನೆ ಬಾಗಿಲಿಗೆ ಬಂತು. ಬಂದವನು ಗ್ರಾಮಲೆಕ್ಕಿಗರ ಸಹಾಯಕ, ಸೈಕಲ್ಲಿನಲ್ಲಿ. ಒಂದು ಕಾಗದ ಕೊಟ್ಟು, ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು, ಅವ್ವ ಕೊಟ್ಟ ನೀರನ್ನು ನಿಂತೇ ಕುಡಿದು ಹೋದ. ಆಗ ಪಿಯುಸಿ ಓದುತ್ತಿದ್ದ ನಾನು ಕಾಗದ ಓದಿದೆ. ನಮ್ಮ ಸರ್ವೆ ನಂಬರೂ ಸೇರಿ ಸುತ್ತಲಿನ ಜಮೀನು ಕೈಗಾರಿಕಾ ಪ್ರದೇಶಕ್ಕೆ ಬೇಕಾಗಿದೆ, ಆಕ್ಷೇಪಣೆ ಇದ್ದರೆ ಬಂದು ಹೇಳಬಹುದು ಎಂದಿತ್ತು. ಅಪ್ಪ ಎರಡು ಸಲ ಓದಿಸಿದ. ಮೂರನೆಯ ಸಲ ಓದಲು ಹೋದಾಗ ಅವ್ವ ಕಾಗದವನ್ನು ನನ್ನ ಕೈಯಿಂದ ಕಿತ್ತು ದೇವರ ಗೂಡಿನಲ್ಲಿಟ್ಟಳು.

ಆಕ್ಷೇಪಣೆ ಹೇಳುವ ದಿನ ಅಪ್ಪ ಬಿಳಿ ಪಂಚೆ ಉಟ್ಟು ಊರಿನ ಹತ್ತು ಹದಿನೈದು ಜನರ ಜೊತೆ ಹೋದ. ಸಂಜೆ ವಾಪಸು ಬಂದು ಜಗಲಿಯ ಮೇಲೆ ಕೂತ. "ಬೋ ಚೆನ್ನಾಗಿ ಮಾತಾಡಿದ್ರು" ಎಂದ. "ಕುಂತ್ಕಳಿ ಅಂದ್ರು. ಎಲ್ಲಾ ಬರ್ಕಂಡ್ರು."

"ಏನಂದ್ರು ಕಡೇಗೆ?" ಎಂದಳು ಅವ್ವ.

"ಬರ್ಕಂಡ್ರು ಕಣೆ. ಅಷ್ಟೇಯ."

ಆಮೇಲಿನ ನಾಲ್ಕೈದು ವರ್ಷ ನಾವು ಬದುಕಿದ ರೀತಿಯನ್ನು ಹೇಗೆ ಹೇಳಲಿ? ಪಹಣಿಯಲ್ಲಿ, ಜಮೀನು ಸ್ವಾಧೀನಕ್ಕೆ ಒಳಪಟ್ಟಿದೆ ಎಂಬ ಒಂದು ಸಾಲು ಸೇರಿಕೊಂಡಿತ್ತು. ಆ ಒಂದು ಸಾಲಿನಿಂದ ಜಮೀನು ನಮ್ಮದೂ ಅಲ್ಲ, ಅವರದೂ ಅಲ್ಲ ಎಂಬಂತಾಯಿತು. ಬೋರು ಕೊರೆಸಲು ಭಯ, ಹುಳುಮನೆಯ ಹೆಂಚು ಬದಲಾಯಿಸಲು ಭಯ. ರಸ್ತೆಯಲ್ಲಿ ಜೀಪಿನ ಸದ್ದಾದರೆ ಅವ್ವ ಸೊಪ್ಪು ಕೊಯ್ಯುವುದನ್ನು ನಿಲ್ಲಿಸಿ ಗಿಡದ ಸಾಲಿನೊಳಗೆ ಕೂತುಬಿಡುತ್ತಿದ್ದಳು. ತಾನು ಕಾಣದಿದ್ದರೆ ಜಮೀನೂ ಕಾಣುವುದಿಲ್ಲ ಎನ್ನುವ ಹಾಗೆ. ಒಂದು ದಿನ ಅಳತೆಯವರು ನಿಜಕ್ಕೂ ಬಂದರು. ಸರಪಳಿ ಎಳೆದು, ಕಲ್ಲು ನೆಟ್ಟು, ಕೆಂಪು ಬಣ್ಣ ಬಳಿದು ಹೋದರು. ಹೆಚ್ಚುಕಡಿಮೆ ಎರಡು ಎಕರೆ ಹೋಯಿತು. ಹುಳುಮನೆಯೂ ಅದರ ಹಿಂದಿನ ಒಂದು ತುಂಡು ಹಿಪ್ಪುನೇರಳೆಯೂ ಉಳಿದವು. ಪರಿಹಾರ ಬಂತು, ಇಲ್ಲವೆಂದರೆ ಸುಳ್ಳಾಗುತ್ತದೆ. ಜಮೀನು ಕೊಟ್ಟ ಮನೆಗೊಂದು ಕೆಲಸ ಎಂಬ ಮಾತೂ ಬಂತು.

ಕಾಂಪೌಂಡು ಎದ್ದಿತು. ನಮ್ಮ ಹೊಲದ ಅಂಚಿಗೇ ಗೋಡೆ. ಗೋಡೆಯಾಚೆ ವಾಹನಗಳಿಗೆ ರಬ್ಬರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಬಂತು. ನಮ್ಮ ಮನೆಯ ಪಾಲಿನ ಕೆಲಸಕ್ಕೆ ನಾನು ಹೋದೆ.

ಮೊದಲ ವರ್ಷ ನಾನು ಅಲ್ಲಿ ಸುಖವಾಗಿಯೇ ಇದ್ದೆ. ನೀಲಿ ಕೋಟು, ಕೊರಳಿಗೆ ಫೋಟೋ ಇದ್ದ ಕಾರ್ಡು. ಅಚ್ಚಿನಿಂದ ಬಿಸಿಬಿಸಿಯಾಗಿ ಬಂದ ರಬ್ಬರ್ ಬಳೆಗಳ ಅಂಚನ್ನು ಬ್ಲೇಡಿನಿಂದ ಹೆರೆದು ಸರಿಮಾಡುವುದು ನಮ್ಮ ಕೆಲಸ. ಉದ್ದ ಮೇಜಿನ ಎರಡೂ ಬದಿ ನಾವು ನಲವತ್ತು ಹೆಂಗಸರು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ನಮ್ಮೂರಿನವಳೇ. ಊರ ವರಸೆಯಲ್ಲಿ ನಾನು ಅವಳನ್ನು ಅತ್ತೆ ಎನ್ನುತ್ತಿದ್ದೆ. ಗಂಡ ತೆಂಗಿನಮರದಿಂದ ಬಿದ್ದು ಮಲಗಿದಲ್ಲೇ ಆಗಿದ್ದ. ಅವಳಿಗೆ ಜಮೀನೂ ಇರಲಿಲ್ಲ. ಯಾರ ಯಾರ ಕಾಲೋ ಹಿಡಿದು ಆ ಕೆಲಸ ಗಿಟ್ಟಿಸಿದ್ದಳು. "ಕೂಲಿಗೆ ಹೋದ್ರೆ ನಾಳೆ ಬಾ ಅಂತರೆ, ಬ್ಯಾಡ ಅಂತರೆ. ಇಲ್ಲಿ ತಿಂಗ್ಳಾದ್ರೆ ಆಯ್ತು ನೋಡು, ಯಾರ್ನೂ ಬೇಡಂಗಿಲ್ಲ" ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಳು. ಅವಳ ಬೆರಳು ನನಗಿಂತ ಚುರುಕು. ನನ್ನ ಪಾಲಿನದು ಉಳಿದರೆ ಮಾತಾಡದೆ ತನ್ನ ಕಡೆಗೆ ಎಳೆದುಕೊಂಡು ಮುಗಿಸುತ್ತಿದ್ದಳು.

ಹೆರೆದ ಚೂರುಗಳನ್ನು ಗುಡಿಸಿ ಮೂಟೆ ತುಂಬುವುದು ಸರದಿಯ ಮೇಲೆ ನಮ್ಮದೇ ಕೆಲಸ. ಮೊದಮೊದಲು ಆ ಮೂಟೆಗಳನ್ನು ಒಂದು ಲಾರಿ ಬಂದು ಒಯ್ಯುತ್ತಿತ್ತು. ಆಮೇಲೆ ಲಾರಿ ಬರುವುದು ನಿಂತಿತು. ಮೂಟೆಗಳು ಹಿಂದಿನ ಬಾಯ್ಲರ್ ಕೋಣೆಗೆ ಹೋಗತೊಡಗಿದವು. ಹಗಲು ಸೌದೆ. ಹೊತ್ತು ಮುಳುಗುವ ಸಮಯಕ್ಕೆ ಸೌದೆಯ ಜೊತೆಗೆ ನಮ್ಮ ಮೂಟೆ. ಆಗ ಹೊಗೆಯ ಬಣ್ಣ ಬದಲಾಗುತ್ತಿತ್ತು. ಶಿಫ್ಟು ಮುಗಿಸಿ ಗೇಟು ದಾಟುವಾಗ ನಾವು ಸೆರಗು ಮೂಗಿಗಿಟ್ಟುಕೊಂಡು ಬೇಗ ಬೇಗ ನಡೆಯುತ್ತಿದ್ದೆವು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಆ ಮಳೆಗಾಲದ ಬೆಳೆ ಚೆನ್ನಾಗಿ ಎದ್ದಿತ್ತು. ಹುಳುಗಳು ನಾಲ್ಕನೆಯ ಜ್ವರ ಕಳೆದು, ಪೊರೆ ಬಿಟ್ಟು, ಮಳೆ ಬಂದ ಹಾಗೆ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತಿದ್ದವು. ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಆ ಬೆಳಿಗ್ಗೆ ಅವ್ವ ಹುಳುಮನೆಯಿಂದ ಕೂಗಿದಳು. ಅವಳು ಕೂಗಿದ ರೀತಿಗೇ ನಾನು ಓಡಿದೆ. ಒಳಗೆ ಹೋದರೆ ಸದ್ದಿಲ್ಲ. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕುಗ್ಗಿ ಬೆರಳಿನ ಗೆಣ್ಣಿನಷ್ಟಾದವು. ಅಪ್ಪ ರೋಗವಿರಬೇಕು ಎಂದುಕೊಂಡು ರೇಷ್ಮೆ ಇಲಾಖೆಯವರನ್ನು ಕರೆಸಿದ. ಬಂದವರು ಹುಳು ನೋಡಿ ತಲೆಯಾಡಿಸಿ ಹೊಲಕ್ಕೆ ನಡೆದರು. ಒಂದು ಎಲೆಯ ಮೇಲೆ ಬೆರಳು ಎಳೆದು ಅಪ್ಪನಿಗೆ ತೋರಿಸಿದರು. ಬೆರಳ ತುದಿ ಕಪ್ಪಗೆ, ಎಣ್ಣೆ ಸವರಿದ ಹಾಗಿತ್ತು.

"ರೋಗ ಅಲ್ಲ ಗೌಡ್ರೆ. ಸೊಪ್ಪಿನ ಮೇಲೆ ಏನೋ ಬಿದ್ದಿದೆ" ಎಂದರು.

ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಬಂದ ಸಂಜೆ ಅಪ್ಪ ನನ್ನನ್ನು ಕೇಳಿದ. "ಮಗಾ, ನೀನು ಒಳಗಿರೋಳು. ಏನವ್ವ ಸುಡ್ತಾರೆ ಅಲ್ಲಿ?"

"ಸೌದೆ ಕಣಪ್ಪ" ಎಂದೆ.

ಆ ಎರಡು ಪದ ಬಾಯಿಂದ ಬಿದ್ದ ಮೇಲೆ ನನಗೆ ಅಪ್ಪನ ಮುಖ ನೋಡಲಾಗಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದು ಇವತ್ತಿಗೂ ಒಂದೇ ಮಾತಿನಲ್ಲಿ ಹೇಳಲಾರೆ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು. ಆ ಮೂಟೆಯನ್ನು ತುಂಬಿದ್ದು ನನ್ನ ಕೈಯೇ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ.

ಅಪ್ಪ ಅರ್ಜಿ ಹಿಡಿದು ಅಲೆಯತೊಡಗಿದ. ಪಂಚಾಯಿತಿಯವರು ಕೈಗಾರಿಕಾ ಪ್ರದೇಶ ನಮ್ಮ ಕೈಯಲ್ಲಿಲ್ಲ ಎಂದರು. ಕನಕಪುರದ ತಾಲ್ಲೂಕು ಕಚೇರಿಯಲ್ಲಿ ಹೊಗೆಗೆ ಬೇರೆ ಇಲಾಖೆ ಇದೆ ಎಂದರು. ಅಪ್ಪ ಅದಕ್ಕೂ ಅರ್ಜಿ ಕಳಿಸಿದ. ಖಾಕಿ ಕಂಡರೆ ಹೆದರುತ್ತಿದ್ದ ಮನುಷ್ಯ ಈಗ ದಿನಾ ರಸ್ತೆಯ ಕಡೆ ಕಿವಿಗೊಟ್ಟು ಕೂರುತ್ತಿದ್ದ, ಒಂದು ಸರ್ಕಾರಿ ಜೀಪು ಬರಲಿ ಎಂದು.

ಅಪ್ಪನ ಅರ್ಜಿಯ ವಿಷಯ ಕಾರ್ಖಾನೆಗೆ ಗೊತ್ತಾಯಿತು. ಮ್ಯಾನೇಜರು ನನ್ನನ್ನು ಕರೆಸಿದರು. ಬೈಯುತ್ತಾರೆ ಎಂದುಕೊಂಡು ಹೋದರೆ ಅವರು ಕುರ್ಚಿ ತೋರಿಸಿದರು. ಕೆಟ್ಟ ಮನುಷ್ಯನಲ್ಲ. ಹೆಂಗಸರಿಗೆ ಬೇರೆ ಶೌಚಾಲಯ ಕಟ್ಟಿಸಿದ್ದು ಅವರೇ. ಮೇಜಿನ ಮೇಲಿದ್ದ ಫೈಲುಗಳ ರಾಶಿಗೆ ಕೈ ತೋರಿಸಿ, "ನೋಡಮ್ಮ, ಒಂದು ಬಾಯ್ಲರ್ ಇಡೋಕೆ ಎಷ್ಟು ಆಫೀಸು ಸುತ್ತಿದ್ದೀನಿ ಗೊತ್ತಾ? ಬೆಂಕಿಯವರು, ಕರೆಂಟಿನವರು, ಲೇಬರಿನವರು, ಅಳತೆಯವರು. ಒಬ್ಬರು ಸರಿ ಅಂದದ್ದನ್ನ ಇನ್ನೊಬ್ಬರು ತಪ್ಪು ಅಂತಾರೆ. ನಮ್ಮ ಮಾಲೀಕರು ಹೊಸೂರಿನ ಕಡೆ ಜಾಗ ನೋಡ್ತಿದ್ದಾರೆ. ಇನ್ನೊಂದು ಕಿರಿಕಿರಿ ಆದ್ರೆ ಎತ್ತಿಕೊಂಡು ಹೋಗೇಬಿಡ್ತಾರೆ. ಈ ನಲವತ್ತು ಜನ ಏನು ಮಾಡ್ತೀರಾ?" ಎಂದರು.

ನಾನು ವಾಪಸು ಬಂದು ಮೇಜಿಗೆ ಕೂತಾಗ ಅತ್ತೆ ಕೈ ನಿಲ್ಲಿಸದೆಯೇ ಕೇಳಿದಳು. "ಹೊಸೂರಿಗೆ ಹೋಯ್ತದಂತೆ, ದಿಟವೇನವ್ವ?"

"ಗೊತ್ತಿಲ್ಲ ಅತ್ತೆ."

"ನಿಮ್ಮಪ್ಪುಂಗೆ ಒಸಿ ಹೇಳವ್ವ" ಎಂದಳು. ಅಷ್ಟು ಮೆತ್ತಗೆ ಅವಳು ಹಿಂದೆಂದೂ ನನ್ನೊಡನೆ ಮಾತಾಡಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಕೊನೆಗೆ ಜೀಪು ಬಂತು. ಆದರೆ ಬರುತ್ತದೆಂದು ಹಿಂದಿನ ದಿನವೇ ಒಳಗೆ ಎಲ್ಲರಿಗೂ ತಿಳಿದಿತ್ತು. ಮೂಟೆಗಳು ಮಾಯವಾಗಿದ್ದವು. ಬಾಯ್ಲರ್ ಕೋಣೆಯ ಮುಂದೆ ಸೌದೆ ಒಟ್ಟಿ, ನೆಲ ತೊಳೆದು ರಂಗೋಲಿ ಕೂಡ ಹಾಕಿಸಿದ್ದರು. ಮಾಲಿನ್ಯ ತಡೆಯುವ ಇಲಾಖೆಯಿಂದ ಬಂದ ಅಧಿಕಾರಿ ಸಣಕಲು ಆಳು, ಕಂಕುಳಲ್ಲಿ ಒಂದು ಹಳೆಯ ಚರ್ಮದ ಚೀಲ. ಎಲ್ಲಾ ನೋಡಿ ನಮ್ಮ ಮೇಜಿನ ಹತ್ತಿರ ನಿಂತು, ಯಾರ ಮುಖವನ್ನೂ ನೋಡದೆ ಕೇಳಿದರು. "ಈ ಚೂರು ರಬ್ಬರು ಎಲ್ಲಿಗೆ ಹೋಗುತ್ತಮ್ಮಾ?"

ಎಲ್ಲರೂ ತಲೆ ತಗ್ಗಿಸಿ ಅಂಚು ಹೆರೆಯುತ್ತಲೇ ಇದ್ದರು. ಅವರು ನನ್ನ ಕಡೆ ತಿರುಗಿದರು. ನಾನು ಆ ಅರ್ಜಿದಾರನ ಮಗಳೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಹಿಂದೆ ಮ್ಯಾನೇಜರು, ಸೂಪರ್‌ವೈಸರು ನಿಂತಿದ್ದರು. ಅತ್ತೆಯ ಬ್ಲೇಡು ನಿಂತಿದ್ದು ನನಗೆ ಕೇಳಿಸಿತು.

"ಗೊತ್ತಿಲ್ಲ ಸಾರ್" ಎಂದೆ.

ಅವರು ಬರೆದುಕೊಂಡರು. ಸಂಜೆ ಗೇಟು ದಾಟುವಾಗ ಅಪ್ಪ ರಸ್ತೆಯಾಚೆ ಹೊಂಗೆ ಮರದ ಕೆಳಗೆ ನಿಂತಿದ್ದ. ಬೆಳಿಗ್ಗೆಯಿಂದಲೂ ಅಲ್ಲೇ ಇದ್ದನಂತೆ. "ಬಂದಿದ್ರಲ್ಲವ್ವ. ನೋಡಿದ್ರಾ? ಕೇಳಿದ್ರಾ?" ಎಂದ. ಅವನ ಮುಖದಲ್ಲಿ ಮಾರುಕಟ್ಟೆಯ ತಕ್ಕಡಿಯ ಮುಂದೆ ಕಾಣುತ್ತಿದ್ದ ಅದೇ ಕಳೆ ಇತ್ತು.

"ಕೇಳಿದ್ರು. ಬರ್ಕಂಡ್ರು" ಎಂದೆ.

ಮುಂದಿನ ಬೆಳೆಯೂ ಹಾಗೇ ಹೋಯಿತು. ಈ ಸಲ ಅವ್ವ ಕೂಗಲಿಲ್ಲ. ಹುಳುಮನೆಯ ಹೊಸ್ತಿಲ ಮೇಲೆ ಸೊಪ್ಪಿನ ಹೊರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು, "ಇವು ಏನು ಪಾಪ ಮಾಡಿದ್ವವ್ವ, ಬಾಯಿಲ್ಲದವು" ಎಂದಳು. ಅಲ್ಲಿಯವರೆಗೆ ತಡೆದಿದ್ದನ್ನು ನನ್ನಿಂದ ಇನ್ನು ತಡೆಯಲಾಗಲಿಲ್ಲ.

"ಅವ್ವ, ಸೌದೆ ಅಲ್ಲ. ರಬ್ಬರು. ಮೂಟೆ ತುಂಬೋದು ನಾನೇ" ಎಂದೆ.

ಅಪ್ಪ ಒಳಗಿನಿಂದ ಕೇಳಿಸಿಕೊಂಡ. ಹೊರಗೆ ಬಂದವನು ನನಗೆ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಗೋಡೆಗೊರಗಿ ಕೂತು, "ಆಯ್ತು ಬುಡು. ಯಾರ್ಗೂ ಹೇಳ್ಬ್ಯಾಡ. ನಿನ್ ಕೆಲ್ಸ ಹೋಯ್ತದೆ. ಜಮೀನಂತೂ ಹೋಯ್ತು, ಕೆಲ್ಸಾನಾದ್ರೂ ಉಳೀಲಿ. ಹುಳ ಸಾಕೋದು ಬುಟ್ಬುಡನ" ಎಂದ.

ಹುಳು ಸಾಕುವುದನ್ನು ಬಿಡೋಣ ಎಂದು ಅಪ್ಪನ ಬಾಯಲ್ಲಿ ಕೇಳಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಮಾರನೆಯ ದಿನ ಜ್ವರವೆಂದು ಹೇಳಿ ರಜೆ ಹಾಕಿದೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಪ್ಪು ಹಿಡಿದ ಸೊಪ್ಪು, ಇನ್ನೊಂದರಲ್ಲಿ ಕೋಟಿನ ಜೇಬಿನಲ್ಲಿ ತಂದಿದ್ದ ರಬ್ಬರ್ ಚೂರು. ಕನಕಪುರಕ್ಕೆ ಹೋಗಿ ಅಲ್ಲಿಂದ ರಾಮನಗರದ ಬಸ್ಸು ಹತ್ತಿದೆ. ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಗಳು ಇನ್ನೂ ಅಲ್ಲೊಂದು ಇಲ್ಲೊಂದು ಬಾಡಿಗೆ ಕಟ್ಟಡಗಳಲ್ಲಿದ್ದವು. ನಾನು ಹುಡುಕುತ್ತಿದ್ದ ಆ ಹೊಗೆಯ ಇಲಾಖೆಯ ಕಚೇರಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಆ ಮೆಟ್ಟಿಲ ಬುಡದಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಎರಡು ಸಲ ಬಸ್‌ಸ್ಟ್ಯಾಂಡಿನ ಕಡೆ ನಡೆದು ಮತ್ತೆ ವಾಪಸು ಬಂದೆ. ನನ್ನನ್ನು ಅಲ್ಲಿ ಯಾರಾದರೂ ನೋಡಿದರೆ ಎಂದು ಸೆರಗು ತಲೆಗೆ ಹೊದ್ದಿದ್ದೆ. ಮೇಲೆ ಹೋದರೆ ಆ ಸಣಕಲು ಅಧಿಕಾರಿಯೇ ಕೂತಿದ್ದರು. ಗುರುತು ಹಿಡಿದರು.

"ಅವತ್ತು ಗೊತ್ತಿಲ್ಲ ಅಂದ್ರಲ್ಲಮ್ಮ?"

"ಅವತ್ತು ಹೆದರಿಕೆ ಆಗಿತ್ತು ಸಾರ್."

"ಇವತ್ತು?"

"ಇವತ್ತೂ ಆಗ್ತಾ ಇದೆ ಸಾರ್."

ಅವರು ನಗಲಿಲ್ಲ. ಎರಡೂ ಕವರು ಬಿಚ್ಚಿ ನೋಡಿ, ಮೂಸಿ, ಮತ್ತೆ ಗಂಟು ಹಾಕಿದರು. "ನೀವು ಬಾಯಲ್ಲಿ ಹೇಳಿದ್ದು ನನಗೆ ಉಪಯೋಗಕ್ಕೆ ಬರಲ್ಲ. ಬರೆದು ಸಹಿ ಹಾಕಬೇಕು" ಎಂದರು. ನಾನು ಪೆನ್ನಿಗೆ ಕೈ ಚಾಚಿದಾಗ ತಡೆದು, "ಸ್ವಲ್ಪ ಕೇಳಿ" ಎಂದರು. "ನನ್ನ ಕೈಯಲ್ಲಿರೋದು ಎರಡೇ. ಒಂದು ನೋಟೀಸು, ಇನ್ನೊಂದು ಬೀಗ. ನೋಟೀಸು ಕೊಟ್ಟರೆ ಚೆಂದಾಗಿ ಉತ್ತರ ಬರೆದು ಕಳಿಸ್ತಾರೆ, ಆಮೇಲೆ ಸಂಜೆ ಸುಡ್ತಾರೆ. ಬೀಗಕ್ಕೆ ನಾನು ಬರೆದರೆ, ಮೇಲಿನವರು ಒಪ್ಪಿದರೆ, ಒಳಗೆ ಕೆಲಸ ಮಾಡೋರ ಗತಿ ನನಗೆ ಗೊತ್ತಿಲ್ಲ. ನಡುವೆ ಏನಾದ್ರೂ ಇದ್ದಿದ್ರೆ ಚೆನ್ನಾಗಿತ್ತು. ಇಲ್ಲ."

ಈಗ ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತೇನೆ. ಅರ್ಥವ್ಯವಸ್ಥೆಯಲ್ಲಿ ಸರ್ಕಾರದ ಪಾತ್ರವೇನು ಎಂಬ ಪ್ರಶ್ನೆಗೆ ಮಕ್ಕಳು ಬಾಯಿಪಾಠ ಮಾಡಿದ ನಾಲ್ಕು ಸಾಲು ಬರೆಯುತ್ತಾರೆ, ನಾನು ಅಂಕ ಕೊಡುತ್ತೇನೆ. ಆ ಮಹಡಿಯ ಮೇಲೆ, ಕೈಯಲ್ಲಿ ಪೆನ್ನು ಹಿಡಿದು ಕೂತಾಗ ನನಗೆ ಆ ನಾಲ್ಕು ಸಾಲೂ ಗೊತ್ತಿರಲಿಲ್ಲ. ಅತ್ತೆಯ ಬೆರಳುಗಳು ಕಣ್ಣ ಮುಂದೆ ಬಂದವು. ಹೊಸ್ತಿಲ ಮೇಲೆ ಕೂತ ಅವ್ವ ಬಂದಳು. ಸಹಿ ಹಾಕಿದೆ. ಹಾಕಿದ ಮೇಲೆ ಅಳಿಸಬೇಕೆನ್ನಿಸಿತು.

ಹದಿನೈದು ದಿನವಾದ ಮೇಲೆ ಹೊತ್ತು ಇಳಿಯುವ ಸಮಯಕ್ಕೆ, ಯಾರಿಗೂ ತಿಳಿಸದೆ ಆ ಅಧಿಕಾರಿ ಬಂದರು. ಗೇಟಿನಿಂದ ನೇರ ಬಾಯ್ಲರ್ ಕೋಣೆಗೇ ನಡೆದರು. ಬೆಂಕಿಯ ಬಾಯಲ್ಲಿ ಅರ್ಧ ಉರಿದ ಮೂಟೆ ಸಿಕ್ಕಿತು. ಆಮೇಲೆ ಕಾಗದಗಳು ಓಡಾಡಿದವು. ಒಂದು ಸೋಮವಾರ ನಾವು ಶಿಫ್ಟಿಗೆ ಹೋದರೆ ಕರೆಂಟು ಕಿತ್ತುಹಾಕಿದ್ದರು. ಗೇಟಿಗೆ ಬೀಗ, ಬೀಗದ ಮೇಲೆ ಬಟ್ಟೆ ಸುತ್ತಿ ಅರಗಿನ ಮುದ್ರೆ. ನಲವತ್ತು ಹೆಂಗಸರು ಊಟದ ಡಬ್ಬಿ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತೆವು. ಯಾರು ಹೇಳಿದರೋ, ಹೇಗೆ ತಿಳಿಯಿತೋ, ಒಬ್ಬೊಬ್ಬರಾಗಿ ತಿರುಗಿ ನನ್ನ ಕಡೆ ನೋಡತೊಡಗಿದರು. ನನ್ನ ಸುತ್ತ ಒಂದು ಮಾರು ಜಾಗ ಖಾಲಿಯಾಯಿತು.

ಅತ್ತೆ ಮಾತ್ರ ಹತ್ತಿರ ಬಂದಳು. ಕೂಗಾಡಲಿಲ್ಲ. "ನಿಮ್ಮ ಹುಳ ಉಳುಸ್ಕಳಾಕೆ ನಮ್ಮ ಹೊಟ್ಟೆಗೆ ಬೀಗ ಹಾಕುಸ್ಬುಟ್ಟೆ ಕಣವ್ವ" ಎಂದಳು. ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಊರಿನ ಕಡೆ ನಡೆದಳು. ಹಿಂದಿನಿಂದ ನೋಡಿದರೆ ಅವಳ ಬೆನ್ನು ಒಂದೇ ದಿನಕ್ಕೆ ಬಾಗಿದ ಹಾಗಿತ್ತು.

ಕಾರ್ಖಾನೆ ಮುಚ್ಚಿದ್ದ ಆ ಮೂರು ನಾಲ್ಕು ತಿಂಗಳು ನಾನು ಹೆದರಿದಷ್ಟು ಯಾವತ್ತೂ ಹೆದರಿಲ್ಲ. ಸರ್ಕಾರಕ್ಕಲ್ಲ, ಕಾರ್ಖಾನೆಗಲ್ಲ, ನನ್ನೂರಿಗೆ. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಡೇರಿಯಲ್ಲಿ ಅಪ್ಪನ ಹಾಲಿನ ಕ್ಯಾನನ್ನು ಸಾಲಿನ ಕೊನೆಗೆ ತಳ್ಳಿದರು. ಹುಳು ಸಾಕುವವರಿಗೆ ಒಂದು ವಿಷಯ ಗೊತ್ತಿರುತ್ತದೆ: ಒಂದು ಬೆಳೆ ಕೊಲ್ಲಲು ಬೆಂಕಿ ಬೇಡ, ಹೊಗೆಯೂ ಬೇಡ. ಹೊಲದ ಅಂಚಿನಲ್ಲಿ ನಡೆದು ಹೋಗುವವನು ಒಂದು ಹಿಡಿ ಔಷಧಿ ಪುಡಿ ತೂರಿದರೆ ಸಾಕು. ಊರಿನಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆ ಎಂಬುದು ನಮಗೂ ಗೊತ್ತಿತ್ತು.

ಹೊಗೆ ನಿಂತ ಮೇಲೆ ನಾವು ಮತ್ತೆ ಹುಳು ಸಾಕತೊಡಗಿದ್ದೆವು. ಅವ್ವ ಒಂದು ಮೊರದಲ್ಲಿ ಇಪ್ಪತ್ತು ಹುಳು ಬೇರೆ ಇಟ್ಟಳು. ದಿನಾ ಕೊಯ್ದ ಸೊಪ್ಪಿನಲ್ಲಿ ಒಂದು ಹಿಡಿ ಮೊದಲು ಅವಕ್ಕೆ. ಹಾಕಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದಳು. ಅವು ತಿಂದು, ತಲೆ ಆಡಿಸದೆ, ಮತ್ತೆ ತಿನ್ನಲು ಹೊರಟರೆ ಮಾತ್ರ ಉಳಿದ ತಟ್ಟೆಗಳಿಗೆ ಸೊಪ್ಪು. ಮೂವರೂ ಆ ಮೊರದ ಸುತ್ತ ಕೂತು ಹುಳುವಿನ ಬಾಯಿಯನ್ನೇ ನೋಡುತ್ತಿದ್ದೆವು. ಯಾರೂ ಪುಡಿ ತೂರಲಿಲ್ಲ ಎಂದು ಇವತ್ತು ಹೇಳಬಲ್ಲೆ. ಆ ದಿನಗಳಲ್ಲಿ ಪ್ರತಿ ಬೆಳಿಗ್ಗೆಯೂ ಇವತ್ತೇ ಇರಬೇಕು ಎಂದುಕೊಂಡೇ ಏಳುತ್ತಿದ್ದೆವು.

ಆ ಬೆಳೆ ಗೂಡು ಕಟ್ಟಿತು. ಚಂದ್ರಿಕೆ ತಟ್ಟೆಯ ಬಿದಿರಿನ ಸುತ್ತುಗಳ ತುಂಬ ಹಳದಿ ಗೂಡು ನೋಡಿ ಅಪ್ಪ ಅತ್ತ. ಸಂತೋಷಕ್ಕೆ ಅಂತೂ ಅಲ್ಲ. ಗೂಡು ಬಿಡಿಸಲು ಹಿಂದೆಲ್ಲ ಅಕ್ಕಪಕ್ಕದ ಮನೆಯ ಹೆಂಗಸರು ಬರುತ್ತಿದ್ದರು, ಹಾಡು ಮಾತು ನಗು ಇರುತ್ತಿತ್ತು. ಆ ಸಲ ನಾವು ಮೂವರೇ ಎರಡು ದಿನ ಬಿಡಿಸಿದೆವು.

ಕಾರ್ಖಾನೆ ಹೊಸೂರಿಗೆ ಹೋಗಲಿಲ್ಲ. ಚಿಮಣಿಯನ್ನು ಎತ್ತರಿಸಿ, ಹೊಗೆಗೆ ನೀರು ಹಾಯಿಸುವ ಒಂದು ಯಂತ್ರ ಕೂರಿಸಿ, ಚೂರಿಗೆ ಮತ್ತೆ ಲಾರಿ ಗೊತ್ತುಮಾಡಿ ಬಾಗಿಲು ತೆರೆಯಿತು. ಎಲ್ಲರನ್ನೂ ವಾಪಸು ಕರೆದರು. ನಾನು ಗೇಟಿಗೆ ಹೋದಾಗ ಕಾವಲಿನವನು ಪಟ್ಟಿಯ ಮೇಲೆ ಬೆರಳಾಡಿಸಿ, "ಇದ್ರಲ್ಲಿ ನಿನ್ ಹೆಸ್ರಿಲ್ಲ ಕಣಮ್ಮ" ಎಂದ. ನನಗೆ ಆಶ್ಚರ್ಯವಾಗಲಿಲ್ಲ. ಆ ಕೆಲಸ ನಮ್ಮ ಎರಡು ಎಕರೆಯ ಬದಲಿಗೆ ಬಂದದ್ದಾಗಿತ್ತು. ಅದಕ್ಕೆ ಅರ್ಜಿ ಹಾಕು ಎಂದು ಕೆಲವರು ಹೇಳಿದರು. ಇನ್ನೊಂದು ಮೆಟ್ಟಿಲು ಹತ್ತುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಅರ್ಧಕ್ಕೆ ನಿಂತಿದ್ದ ಓದನ್ನು ಕನಕಪುರದಲ್ಲಿ ಮುಂದುವರಿಸಿದೆ.

ಮುಂದಿನ ವರ್ಷ ಬೇಸಿಗೆಯಲ್ಲಿ ಒಂದು ಭಾನುವಾರ ಅತ್ತೆ ನಮ್ಮ ಮನೆಗೆ ಬಂದಳು. ಆ ಗೇಟಿನ ಮುಂದೆ ಮಾತಾಡಿದ ಮೇಲೆ ಅದೇ ಮೊದಲು. ಅವ್ವ ಚಾಪೆ ಹಾಕಿದಳು, ಅತ್ತೆ ಕೂರಲಿಲ್ಲ. ಹೊಸದಾಗಿ ಅಂಚು ಕತ್ತರಿಸುವ ಮೆಷಿನ್ನು ಬಂದಿದೆಯಂತೆ. ಬೇಗ ಕೆಲಸವಾಗಲೆಂದು ಅದರ ಮುಚ್ಚಳ ಬಿಚ್ಚಿಟ್ಟಿದ್ದಾರಂತೆ. ಸಾತನೂರು ಕಡೆಯ ಹುಡುಗಿಯೊಬ್ಬಳ ಎರಡು ಬೆರಳು ಹೋದವಂತೆ. ಮುಚ್ಚಳ ಇನ್ನೂ ಹಾಕಿಲ್ಲವಂತೆ.

"ನಾಳಿಕ್ಕೆ ನನ್ನ ಸರದಿ ಅದ್ರ ಮ್ಯಾಲೆ" ಎಂದಳು. "ನೀನು ಹೋಗಿದ್ದೆಯಲ್ಲ ಆವತ್ತು, ಆ ಆಪೀಸು ಎಲ್ಲಿ ಬತ್ತದವ್ವ?"

"ಇದಕ್ಕೆ ಅದಲ್ಲ ಅತ್ತೆ. ಬೇರೆ ಆಫೀಸು" ಎಂದೆ.

"ಯಾವ್ದೋ ಒಂದು. ನಂಗೆ ಓದಾಕೆ ಬರಲ್ಲ. ನೀನು ಬತ್ತೀಯಾ?"

ಅಪ್ಪ ಅವ್ವ ಇಬ್ಬರೂ ನನ್ನ ಮುಖ ನೋಡಿದರು.

ಮಾರನೆಯ ದಿನ ಅತ್ತೆ ಕೆಲಸಕ್ಕೆ ರಜೆ ಹೇಳಿ ಬಂದಳು. ಇಬ್ಬರೂ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತ ಅತ್ತೆ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮೇಜಿನ ಮೇಲೆ ಅಷ್ಟು ಚುರುಕಾಗಿ ಓಡಾಡುತ್ತಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು.

ಕನಕಪುರ ಹತ್ತಿರ ಬಂದಾಗ ನನ್ನ ಕಡೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದಳು. "ಮೊಗಾ, ಅವ್ರು ಬಂದ್ರೆ ಬರೀ ಮುಚ್ಚಳ ಹಾಕುಸ್ತಾರೋ, ಇಲ್ಲಾ ಮತ್ತೆ ಗೇಟಿಗೇ ಬೀಗ ಹಾಕ್ಬುಡ್ತಾರೋ?"

"ಗೊತ್ತಿಲ್ಲ ಅತ್ತೆ" ಎಂದೆ. ಈ ಸಲ ಅದು ನಿಜವಾಗಿತ್ತು.

ಅವಳು ಕಂಬಿ ಬಿಡಲಿಲ್ಲ. ಇಳಿದು ವಾಪಸು ಹೋಗೋಣ ಎನ್ನಲೂ ಇಲ್ಲ.